ಕೃಷಿ ಹೊಂಡ: ಪಂಚಾಯಿತಿಗೆ ಹೋಗಬೇಕೋ, ರೈತ ಸಂಪರ್ಕ ಕೇಂದ್ರಕ್ಕೋ?

ಹೊಲದಲ್ಲಿ ಹೊಂಡ ಮಾಡಿಸಬೇಕು ಅನ್ನುವವರು ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೇ ಹೋಗಿ. 2024ರಲ್ಲಿ ಎರಡೂ ಕಡೆ ಓಡಾಡಿದ ಮೇಲೆ ಹೇಳುತ್ತಿದ್ದೇನೆ. ನಮ್ಮದು ಕೊಪ್ಪಳ ಜಿಲ್ಲೆ, ಮಳೆ ನಂಬಿದ ಮಸಾರಿ ಹೊಲ, ಅಂದರೆ ಕೆಂಪು ಮಣ್ಣು.

ಪಂಚಾಯಿತಿಯಲ್ಲಿ ಸಿಕ್ಕಿದ್ದು ನರೇಗಾ. ಜಾಬ್ ಕಾರ್ಡ್ ಇದ್ದ ಸಣ್ಣ ರೈತರು ತಮ್ಮ ಹೊಲದಲ್ಲೇ ಕೆಲಸ ಮಾಡಿ ಕೂಲಿ ಪಡೆಯಬಹುದಿತ್ತು. ಆ ವರ್ಷ ದಿನಕ್ಕೆ 349 ರೂಪಾಯಿ. ನಮ್ಮ ಬದುಗಳೆಲ್ಲ ಹಾಗೇ ಆದವು, ಚೆನ್ನಾಗೇ ನಿಂತಿವೆ. ಆದರೆ ಹೊಂಡದ ಮಾತು ಬೇರೆ. ಜೆಸಿಬಿಗೆ ಅವಕಾಶವಿರಲಿಲ್ಲ, ಎಲ್ಲ ಕೈಯಲ್ಲೇ ಅಗೆಯಬೇಕಿತ್ತು. ಎರೆ ಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಅಗೆದರೆ ಸಾಕು, ನೀರು ನಿಲ್ಲುತ್ತದೆ. ಮಸಾರಿ ನೆಲ ಹಾಗಲ್ಲ, ತುಂಬಿದ ನೀರನ್ನೆಲ್ಲ ಕುಡಿದುಬಿಡುತ್ತದೆ. ತಳಕ್ಕೆ ಪಾಲಿಥಿನ್ ಹಾಸಲೇಬೇಕು.

ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಕೃಷಿ ಇಲಾಖೆಯ ಕೃಷಿ ಭಾಗ್ಯ ಯೋಜನೆಯಲ್ಲಿ ಆ ಹಾಳೆಯೂ ಇದೆ. ಹೊಂಡಕ್ಕೂ ಹಾಳೆಗೂ ಸಾಮಾನ್ಯ ವರ್ಗದವರಿಗೆ ಶೇ 80 ಸಹಾಯಧನ, ಪರಿಶಿಷ್ಟರಿಗೆ ಶೇ 90. ತಂತಿ ಬೇಲಿಗೆ ಅಷ್ಟು ಸಿಗಲ್ಲ. ಆದರೂ ಬೇಲಿ ಬಿಡಬೇಡಿ. ಹಾಳೆ ಹಾಸಿದ ಹೊಂಡಕ್ಕೆ ಮಕ್ಕಳು ಬಿದ್ದರೆ ಕಾಲು ಜಾರುತ್ತದೆ, ಮೇಲೆ ಬರಲು ಹಿಡಿತವೇ ಸಿಗುವುದಿಲ್ಲ.

ನನ್ನನ್ನು ಸತಾಯಿಸಿದ್ದು ಈ ಅರ್ಜಿಗೆ ಬೇಕಾದ ಎಫ್‌ಐಡಿ. ರೈತರ, ಜಮೀನಿನ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ನಂಬರು ಇದು. ನಮ್ಮೂರ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದೆ. ನಂಬರು ಬಂತು, ಎಲ್ಲ ಸರಿಯಾಯಿತು ಅಂದರು. ಹೋಬಳಿಯಲ್ಲಿ ಸಹಾಯಕ ಕೃಷಿ ಅಧಿಕಾರಿ ಆ ನಂಬರು ಒತ್ತಿ, ಮಾನಿಟರ್ ನನ್ನ ಕಡೆ ತಿರುಗಿಸಿದರು. ಮನೆ ಹತ್ತಿರದ ಒಂದೇ ಸರ್ವೆ ನಂಬರು ಇತ್ತು. ಹೊಂಡ ತೋಡಬೇಕಾದ ಹೊಲವೇ ಇಲ್ಲ!

ಪಟ್ಟಿಯಲ್ಲಿಲ್ಲದ ಜಮೀನು ಇಲಾಖೆಯ ಲೆಕ್ಕದಲ್ಲಿ ನಮ್ಮದಲ್ಲ. 2023ರ ಬರ ಪರಿಹಾರ ಬಂದಿದ್ದೂ ಇದೇ ದಾಖಲೆ ನೋಡಿ. ಹಾಗಾಗಿ ಹೊಂಡ ಬೇಡದವರೂ ಒಮ್ಮೆ ತೆಗೆಸಿ ನೋಡಿ. ಸೇರಿಸಲು ಹೋದರೆ ಇನ್ನೊಂದು ಗಂಟು: ಪಹಣಿಯಲ್ಲಿ ಅಪ್ಪನ ಹೆಸರು ಪೂರ್ತಿ, ಆಧಾರ್‌ನಲ್ಲಿ ಬರೀ ಇನಿಶಿಯಲ್. ಇಬ್ಬರೂ ಒಬ್ಬನೇ ಅಂತ ಅಧಿಕಾರಿ ನೋಡಿ ಒಪ್ಪಬೇಕು. ಅಲ್ಲಿಯವರೆಗೆ ಅರ್ಜಿ ಅಲುಗಲ್ಲ. ಎದುರಿಗೆ ಕೂತು ಪಹಣಿ ತೋರಿಸಿದ್ದಕ್ಕೆ ಬಗೆಹರಿಯಿತು. ಮೊಬೈಲ್‌ನಲ್ಲಿ ಇದನ್ನೆಲ್ಲ ಯಾರಿಗೆ ವಿವರಿಸುವುದು, ಅಲ್ವಾ?

ನಮ್ಮ ಪಾಲಿನ ದುಡ್ಡಿಗೆ ಆ ವರ್ಷದ ಶೇಂಗಾ ಮಾರಿದ್ದು ಹೋಯಿತು. ಕೈಯಲ್ಲಿ ಕಾಸಿಲ್ಲ, ಹೊಲ ಎರೆ, ಮನೆಯಲ್ಲಿ ದುಡಿಯುವ ಕೈ ಜಾಸ್ತಿ ಇದೆ ಅಂದರೆ ಪಂಚಾಯಿತಿಯೇ ಸರಿ. ನನ್ನಂಥ ಮಸಾರಿಯವರಿಗೆ ಕೃಷಿ ಭಾಗ್ಯ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ಎಲ್ಲ ಸರ್ವೆ ನಂಬರಿನ ಪಹಣಿಯನ್ನೂ ಒಟ್ಟಿಗೇ ಒಯ್ಯಿರಿ. ಮುಂಗಾರಿನ ಬೀಜ ಕೊಡುವ ಮುಂಚೆಯೇ ಹೋಗಿ. ಆಮೇಲೆ ಅಲ್ಲಿ ನಿಲ್ಲಲೂ ಜಾಗ ಇರಲ್ಲ.