ಹಳೇ ಕಸದ ಗುಡ್ಡ: ಮೇಲೆ ಸೋಲಾರ್ ಹಾಕುವುದೋ, ಬಗೆದು ತೆಗೆಯುವುದೋ?

ಬಾಗಲಕೋಟೆ ಜಿಲ್ಲೆಯ ಪುರಸಭೆ ಸದಸ್ಯರು ಯಾರಾದರೂ ಈ ಪ್ರಶ್ನೆ ಹಿಡಿದು ಕೂತಿದ್ದರೆ, ಇದು ನಿಮಗೆ.

ಸೋಲಾರ್‌ಗೆ ಮೊದಲು ಗುಡ್ಡವನ್ನು ಮಣ್ಣು, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಆ ಹೊದಿಕೆಗೆ ತೂತು ಬೀಳಬಾರದು. ಬಿದ್ದರೆ ಮಳೆನೀರು ಒಳಗಿಳಿದು ವಿಷದ ಕೊಳೆನೀರಾಗುತ್ತದೆ. ಹಾಗಾಗಿ ಕಂಬ ಹೂಳುವಂತಿಲ್ಲ, ಕಾಂಕ್ರೀಟ್ ದಿಮ್ಮಿಗಳ ಮೇಲೆ ಪ್ಯಾನೆಲ್ ಕೂರಿಸಬೇಕು. ಬಯಲಿಗಿಂತ ಖರ್ಚು ಜಾಸ್ತಿ. ಒಳಗಿನ ಕಸ ಕೊಳೆದಂತೆ ನೆಲ ಅಲ್ಲಲ್ಲಿ ಕುಸಿದು ಪ್ಯಾನೆಲ್ ಸಾಲು ಸೊಟ್ಟಗಾಗುತ್ತದೆ. ಕೊಳೆಯುವ ಕಸದಿಂದ ಬರುವ, ಬೆಂಕಿ ಹತ್ತುವ ಮಿಥೇನ್ ಅನಿಲವನ್ನು ಹೊರಬಿಡುವ ಕೊಳವೆಗಳಿಂದ ವಿದ್ಯುತ್ ಪೆಟ್ಟಿಗೆಗಳನ್ನು ದೂರವೇ ಇಡಬೇಕು. 1 ಮೆಗಾವ್ಯಾಟ್‌ಗೆ ಸುಮಾರು 4-5 ಎಕರೆ ಬೇಕು, ಅದೂ ಸಮತಟ್ಟು ನೆತ್ತಿ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ ಬಿಡಿ.

ಬಗೆದು ಜರಡಿ ಹಿಡಿದರೆ ಜಾಗವೇ ವಾಪಸ್. ಉರಿಯುವ ಚಿಂದಿ, ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಜಿಲ್ಲೆಯಲ್ಲೇ ಕಾರ್ಖಾನೆಗಳಿರುವುದರಿಂದ ಸಾಗಣೆ ದೂರವಲ್ಲ. 2021ರಲ್ಲಿ ಶುರುವಾದ ಸ್ವಚ್ಛ ಭಾರತ ಮಿಷನ್ 2.0ರಲ್ಲಿ ಈ ಕೆಲಸಕ್ಕೆ ಅನುದಾನವನ್ನೂ ಇಟ್ಟಿದ್ದರು; ಈಗಲೂ ಸಿಗುತ್ತದೆಯೇ ವಿಚಾರಿಸಿ.

ನನ್ನ ಲೆಕ್ಕದಲ್ಲಿ, ಎರಡು-ಮೂರು ಎಕರೆಯದಾದರೆ ಬಗೆಯಿರಿ. ಗುಡ್ಡ ದೊಡ್ಡದಿದ್ದು, ಕಸ ಬೀಳುವುದು ನಿಂತು ಹಲವು ವರ್ಷವಾಗಿ, ಹೆಸ್ಕಾಂ ಸಬ್‌ಸ್ಟೇಷನ್ ಹತ್ತಿರವಿದ್ದರೆ ಸೋಲಾರ್ ಗಿಟ್ಟುತ್ತದೆ. ಇನ್ನೂ ಟ್ರ್ಯಾಕ್ಟರ್ ಬಂದು ಕಸ ಸುರಿಯುತ್ತಿದ್ದರೆ ಟೆಂಡರ್ ಮಾತೇ ಬೇಡ, ಮೊದಲು ಅದನ್ನು ನಿಲ್ಲಿಸಿ.