ಬಿಸಿಲಿಗೆ ಸುಡದ ಬೆಂಚು: ಕಲ್ಲೋ, ಕಬ್ಬಿಣವೋ, ತೇಗವೋ?

ಅರಳಿಕಟ್ಟೆಯ ಕಲ್ಲು ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ. ಅದನ್ನು ನಂಬಿ ಟೆರೇಸಿಗೆ, ಬಯಲು ಅಂಗಳಕ್ಕೆ ಗ್ರಾನೈಟ್ ಬೆಂಚು ಹಾಕಿಸಿದವರು ಏಪ್ರಿಲ್ ಬಂದಾಗ ಅದರ ಹತ್ತಿರವೂ ಸುಳಿಯುವುದಿಲ್ಲ. ಕಟ್ಟೆಗೆ ತಂಪು ಕೊಟ್ಟಿದ್ದು ಅರಳಿಮರ.

ಐದಡಿ ಉದ್ದ, ಒಂದೂವರೆ ಅಡಿ ಅಗಲ, ಮೂರಿಂಚು ದಪ್ಪದ ಸಾದರಹಳ್ಳಿ ಕಲ್ಲಿನ (ಬೂದು ಗ್ರಾನೈಟ್) ಚಪ್ಪಡಿ ಹೆಚ್ಚುಕಡಿಮೆ 140 ಕಿಲೋ ತೂಗುತ್ತದೆ. ದಿನವಿಡೀ ಕುಡಿದ ಬಿಸಿಲನ್ನು ಅದು ಹೊತ್ತು ಮುಳುಗಿದ ಮೇಲೂ ಬಿಡುತ್ತಲೇ ಇರುತ್ತದೆ. ಸಂಜೆ ಕೂರಲೆಂದು ಹಾಕಿಸಿದ ಬೆಂಚು ಸಂಜೆಯೇ ಬಿಸಿ. ಕಲ್ಲೇ ಬೇಕೆಂದರೆ ತಿಳಿ ಬೂದು ಬಣ್ಣದ್ದನ್ನು ಆರಿಸಿ, ಹೊಂಗೆಮರದ ಕೆಳಗೆ ಹಾಕಿಸಿ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಬಿಸಿಲಿಗೆ ಬೇಡವೇ ಬೇಡ. ಸಿಮೆಂಟ್ ಬೆಂಚಿನ ಗುಣವೂ ಇದೇ. ಬಿಳಿ ಬಣ್ಣ ಬಳಿದರೆ ಕೊಂಚ ವಾಸಿ, ಧೂಳು ಕೂತಂತೆ ಆ ಲಾಭವೂ ಕರಗುತ್ತದೆ.

ಚರ್ಮ ಸುಡುವುದು ಬೆಂಚಿನ ಬಿಸಿಯೊಂದರಿಂದಲೇ ಅಲ್ಲ, ಆ ಬಿಸಿ ಎಷ್ಟು ಬೇಗ ಮೈಗೆ ಹರಿಯುತ್ತದೆ ಎಂಬುದರಿಂದ. ಗ್ರಾನೈಟ್ ತೇಗಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಹರಿಸುತ್ತದೆ, ಕಬ್ಬಿಣ ಇನ್ನೂರು ಪಟ್ಟಿಗೂ ಹೆಚ್ಚು. ಹಾಗಾಗಿ ಪೌಡರ್ ಕೋಟಿಂಗ್ ಮಾಡಿದ ಕಡುಹಸಿರು ಕಬ್ಬಿಣದ ಬೆಂಚು ಎಷ್ಟೇ ಅಂದವಾಗಿದ್ದರೂ ಬಿಸಿಲಿಗೆ ಸಲ್ಲದು. ಎರಕದ ಕಬ್ಬಿಣದ ಕಾಲುಗಳಿರಲಿ, ಕೈ ಊರುವ ಜಾಗ ಮಾತ್ರ ಮರದ್ದೇ ಆಗಿರಬೇಕು.

ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಹಲಗೆಗೆ ಗೆದ್ದಲು ಹಿಡಿಯುವುದಿಲ್ಲ, ನಿಜ. ಆದರೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕಾಫಿ ಬಣ್ಣದ್ದು ಬಿಸಿಲಲ್ಲಿ ತೇಗಕ್ಕಿಂತ ಹೆಚ್ಚು ಕಾಯುತ್ತದೆ, ಆಧಾರಗಳ ನಡುವೆ ಒಂದೂಕಾಲು ಅಡಿಗಿಂತ ಹೆಚ್ಚು ಅಂತರ ಬಿಟ್ಟರೆ ಜೋಲುತ್ತದೆ. ತಿಳಿಬಣ್ಣದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ ಇದಕ್ಕಿಂತ ಮೇಲು. ಅದು ಬಿಸಿಲಿಗೆ ಹಿಗ್ಗುವುದೇ ಜಾಸ್ತಿ, ಐದಡಿ ಉದ್ದಕ್ಕೆ ಅರ್ಧ ಸೆಂಟಿಮೀಟರಿಗೂ ಮೀರಿ. ದುಂಡು ತೂತಿನಲ್ಲಿ ಬಿಗಿಯಾಗಿ ಸ್ಕ್ರೂ ಹಾಕಿದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಉದ್ದನೆಯ ತೂತು ಕೊರೆಸಿ.

ನಮ್ಮ ಆಯ್ಕೆ ತೇಗದ ಪಟ್ಟಿಗಳು. ಪಟ್ಟಿ ಒಂದಿಂಚಿಗೆ ಕಡಿಮೆಯಿಲ್ಲದಷ್ಟು ದಪ್ಪವಿರಲಿ, ನಡುವೆ 8ರಿಂದ 10 ಮಿಲಿಮೀಟರ್ ಸಂದು ಬಿಡಿಸಿ. ಗಾಳಿ ಆಡುತ್ತದೆ, ಮಳೆನೀರು ನಿಲ್ಲುವುದಿಲ್ಲ. ಬೋಲ್ಟಿನ ತಲೆ ಮೇಲೆ ಎದ್ದು ನಿಂತರೆ ಸುಡುವುದು ಅದೊಂದೇ ಜಾಗ, ಆದ್ದರಿಂದ ಮರದೊಳಗೆ ಇಳಿಸಿ ಮೇಲೆ ಮರದ ಬಿರಡೆ ಹೊಡೆಸಿ. ಸಾದಾ ಕಬ್ಬಿಣದ ಬೋಲ್ಟು ತೇಗದಲ್ಲಿ ಕಪ್ಪು ಕಲೆ ಬಿಡುತ್ತದೆ: 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು, ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ 316 ಬೇಕು. ವಾರ್ನಿಷ್ ಬಿಸಿಲಿಗೆ ಸಿಪ್ಪೆಯೇಳುತ್ತದೆ. ಮಳೆಗಾಲ ಕಳೆದು ಮರ ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿ ಒರೆಸಿ. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಎಣ್ಣೆ ಕಾಣದ ತೇಗ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಗಟ್ಟಿತನ ಕುಗ್ಗುವುದಿಲ್ಲ.

ಕೊಳ್ಳುವ ಮುನ್ನ ಅಂಗಡಿಯವರಿಂದ ಒಂದು ಅಡಿಯ ತುಂಡು ಕೇಳಿ ಪಡೆಯಿರಿ. ಬೆಂಚು ಇಡುವ ಜಾಗದಲ್ಲೇ ಹನ್ನೆರಡರಿಂದ ಮೂರರವರೆಗೆ ಬಿಸಿಲಿಗಿಟ್ಟು ಅಂಗೈಯ ಹಿಂಬದಿಯನ್ನು ಮೆಲ್ಲಗೆ ಒತ್ತಿ ನೋಡಿ. ಐದು ಎಣಿಸುವಷ್ಟರಲ್ಲಿ ಕೈ ಎಳೆದುಕೊಳ್ಳುವಂತಾದರೆ ಆ ಬೆಂಚು ಬೇಡ.