ಬಾವಿ ಪಂಪಿಗೆ ಇನ್ವರ್ಟರ್: ನಾಲ್ಕು ಮಳೆಗಾಲ ಕಳೆದ ಮೇಲೆ

ಜುಲೈ ತಿಂಗಳಲ್ಲಿ ನಮ್ಮ ಬಾವಿಗೆ ಬಗ್ಗಿದರೆ ಕೈಯಲ್ಲೇ ನೀರು ಮೊಗೆಯಬಹುದು. ಅದೇ ಜುಲೈಯಲ್ಲಿ ಬಚ್ಚಲಿನ ನಲ್ಲಿ ತಿರುಗಿಸಿದರೆ ಬರುವುದು ಬರೀ ಗಾಳಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿಮನೆಗಳಿಗೆ ಇದು ಹೊಸದಲ್ಲ. ಮರ ಬಿದ್ದು ಲೈನು ಹರಿದರೆ ಒಂದು ದಿನವೋ ಮೂರು ದಿನವೋ ಕರೆಂಟಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ನಮಗೆ ಆರು ದಿನ ಇರಲಿಲ್ಲ. ಐದು ಜನ, ಎರಡು ಹಸು, ಎಲ್ಲಕ್ಕೂ ರಾಟೆಯಲ್ಲಿ ಸೇದಿದ್ದೇ ನೀರು.

ಮನೆಯಲ್ಲಿ ಆಗಲೇ ಒಂದು 800 ವಿಎ (ವೋಲ್ಟ್-ಆಂಪಿಯರ್, ಎಷ್ಟು ಲೋಡು ಎಳೆಯಬಲ್ಲದು ಎಂಬ ಅಳತೆ) ಇನ್ವರ್ಟರ್ ಇತ್ತು, ಲೈಟು-ಫ್ಯಾನಿಗೆಂದು ತಂದದ್ದು. ಪಂಪು ಅರ್ಧ ಎಚ್‌ಪಿಯದು. ಅಂಗಡಿಯವರು ಲೆಕ್ಕ ಹೇಳಿದರು: 'ಅರ್ಧ ಎಚ್‌ಪಿ ಅಂದ್ರೆ 373 ವ್ಯಾಟ್ ಸಾರ್, ಆರಾಮಾಗಿ ಎಳೆಯುತ್ತೆ.' ಎಳೆಯಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಪಂಪು ಹೂಂ ಎಂದು ನರಳಿತು, ಲೈಟು ಮಂಕಾಯಿತು, ಇನ್ವರ್ಟರ್ ಕುಯ್ಯೆಂದು ಕೂಗಿ ನಿಂತುಹೋಯಿತು. ಆ 373 ವ್ಯಾಟ್ ಮೋಟಾರಿನ ಶಾಫ್ಟ್ ಕೊಡುವ ಶಕ್ತಿ, ಅದು ತಿನ್ನುವ ಕರೆಂಟಿನ ಲೆಕ್ಕವಲ್ಲ ಎಂದು ಆಮೇಲೆ ತಿಳಿಯಿತು. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ನಮ್ಮ ಪಂಪು ಓಡುವಾಗ 3 ಆಂಪಿಯರ್ ಚಿಲ್ಲರೆ, ಅಂದರೆ ಸುಮಾರು 650 ವ್ಯಾಟ್. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಸಾಲದ್ದಕ್ಕೆ ಆ ಇನ್ವರ್ಟರ್ ಸ್ಕ್ವೇರ್‌ವೇವ್ ಬೇರೆ, ಅಂದರೆ ಅದು ಕೊಡುವ ಕರೆಂಟಿನ ಅಲೆ ಲೈನ್ ಕರೆಂಟಿನ ಹಾಗೆ ನಯವಲ್ಲ, ಚೌಕ. ಅದರಲ್ಲಿ ಮೋಟಾರು ಓಡಿದರೂ ಕಾಯುತ್ತದೆ, ಸದ್ದು ಮಾಡುತ್ತದೆ.

2021ರ ಏಪ್ರಿಲ್‌ನಲ್ಲಿ ಲೈನ್ ಕರೆಂಟಿನಂಥದ್ದೇ ಅಲೆ ಕೊಡುವ 2 ಕೆವಿಎ ಸೈನ್‌ವೇವ್ ಇನ್ವರ್ಟರ್, 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬ್ಯುಲರ್ ಬ್ಯಾಟರಿ ತಂದೆ. ವೈರಿಂಗ್ ಎಲ್ಲ ಸೇರಿ 42 ಸಾವಿರ ಚಿಲ್ಲರೆ. ತಲಾ ಐವತ್ತು ಕಿಲೋ ಮೀರಿದ ಬ್ಯಾಟರಿಗಳನ್ನು ಅಂಗಳದಿಂದ ಒಳಗೆ ಸಾಗಿಸಿದ ಕಥೆ ಬೇಡ.

ಪಂಪು ಮೊದಲ ದಿನವೇ ಓಡಿತು. ಆದರೆ ಮೂರರಲ್ಲಿ ಒಂದು ಸಲ ಓವರ್‌ಲೋಡ್ ದೀಪ ಹತ್ತುತ್ತಿತ್ತು. ಕಾರಣ ಎರಡು. ಒಂದು, ಪಂಪು ಸ್ಟಾರ್ಟ್ ಆಗಲು ನೂಕು ಕೊಡುವ ಕೆಪಾಸಿಟರ್ ಹಳೆಯದಾಗಿ ಸೋತಿತ್ತು. ಬದಲಿಸಲು ನೂರು-ಇನ್ನೂರು ರೂಪಾಯಿಯ ಖರ್ಚು, ಅದನ್ನು ಮೊದಲೇ ಮಾಡಬೇಕಿತ್ತು. ಎರಡನೆಯದು ನನಗೆ ಹೊಳೆಯಲು ಒಂದು ಮಳೆಗಾಲ ಹಿಡಿಯಿತು: ಮೇ ತಿಂಗಳಿಗಿಂತ ಜುಲೈಯಲ್ಲೇ ಪಂಪು ಹೆಚ್ಚು ಆಂಪಿಯರ್ ಎಳೆಯುತ್ತದೆ. ನೀರು ಮೇಲೆ ಬಂದಾಗ ಎತ್ತುವ ಎತ್ತರ ಕಮ್ಮಿ, ಕೆಲಸ ಹಗುರ ಎಂದು ನಾನು ತಿಳಿದಿದ್ದೆ. ನಮ್ಮದರಂಥ ಸೆಂಟ್ರಿಫ್ಯೂಗಲ್ (ಚಕ್ರ ತಿರುಗಿಸಿ ನೀರನ್ನು ಹೊರಕ್ಕೆ ಚಿಮ್ಮುವ) ಪಂಪಿನಲ್ಲಿ ಉಲ್ಟಾ. ಎತ್ತರ ಕಮ್ಮಿಯಾದಷ್ಟೂ ಅದು ಹೆಚ್ಚು ನೀರು ನೂಕುತ್ತದೆ, ಹೆಚ್ಚು ನೀರಿಗೆ ಹೆಚ್ಚು ಲೋಡು. ಹಾಗಾಗಿ ಈಗ ಡೆಲಿವರಿ ಪೈಪಿನ ಗೇಟ್‌ವಾಲ್ವನ್ನು ಮುಕ್ಕಾಲು ಮುಚ್ಚಿ ಸ್ಟಾರ್ಟ್ ಮಾಡಿ, ಪಂಪು ವೇಗ ಹಿಡಿದ ಮೇಲೆ ನಿಧಾನಕ್ಕೆ ತೆರೆಯುತ್ತೇನೆ. ಕೆಪಾಸಿಟರ್ ಬದಲಿಸಿ ಈ ಅಭ್ಯಾಸ ಮಾಡಿಕೊಂಡ ಮೇಲೆ ಓವರ್‌ಲೋಡ್ ದೀಪ ನೋಡಿದ ನೆನಪಿಲ್ಲ. ಪೇಟೆಯವರು ಇದನ್ನು ಕುರುಡಾಗಿ ಅನುಸರಿಸಬೇಡಿ. ಸಂಪಿನ ಪಕ್ಕ ಕೂರುವ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳ ಜಾತಿ ಬೇರೆ, ಸಾಮಾನ್ಯವಾಗಿ ವಾಲ್ವ್ ಮುಚ್ಚಿದರೆ ಅವುಗಳ ಲೋಡು ಏರುತ್ತದೆ.

ಎಷ್ಟು ನೀರು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಟ್ಯಾಂಕು ಮನೆಯ ಹಿಂದಿನ ಧರೆಯ, ಅಂದರೆ ದಿಬ್ಬದ ಮೇಲಿದೆ, ಬಾವಿಕಟ್ಟೆಯಿಂದ ಸುಮಾರು 12 ಮೀಟರ್ ಎತ್ತರ. ಸಾವಿರ ಲೀಟರ್ ತುಂಬಲು 25 ನಿಮಿಷ. ಇನ್ವರ್ಟರಿನ ನಷ್ಟ ಸೇರಿ ಬ್ಯಾಟರಿಯಿಂದ ಹೋಗುವುದು ಸುಮಾರು 330 ವ್ಯಾಟ್-ಅವರ್. ಎರಡೂ ಬ್ಯಾಟರಿಯಲ್ಲಿ ಹೆಸರಿಗೆ 3,600 ಇದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 1,800. ಬೇರೇನೂ ಹಾಕದಿದ್ದರೆ ಐದು ಟ್ಯಾಂಕ್ ನೀರು. ಆದರೆ ಬೇರೇನೂ ಹಾಕದೆ ಇರುವ ಮನೆ ಎಲ್ಲಿದೆ? ಮಗಳ ಲ್ಯಾಪ್‌ಟಾಪು, ಅಪ್ಪಯ್ಯನ ಟಿವಿ, ರಾತ್ರಿ ಫ್ಯಾನು, ಇವು ಪಂಪಿಗಿಂತ ಹೆಚ್ಚು ತಿನ್ನುತ್ತವೆ. ಪಂಪು ಅರ್ಧ ಗಂಟೆ ತಿಂದು ಸುಮ್ಮನಾಗುತ್ತದೆ, ಫ್ಯಾನು ಬೆಳಗಿನವರೆಗೆ ಮೆಲ್ಲುತ್ತಲೇ ಇರುತ್ತದೆ. ಮೂರನೇ ಬ್ಯಾಟರಿಯ ಬಗ್ಗೆ ಯೋಚಿಸುತ್ತಿದ್ದವನು ಕೊನೆಗೆ ಎರಡನೇ ಟ್ಯಾಂಕ್ ತಂದು ಮೊದಲನೆಯದರ ಪಕ್ಕ ಕೂರಿಸಿದೆ. ಮೋಡ ಕವಿದರೆ ಕರೆಂಟಿರುವಾಗಲೇ ಎರಡೂ ತುಂಬಿಟ್ಟುಬಿಡುತ್ತೇನೆ. ಇಡೀ ವ್ಯವಸ್ಥೆಯಲ್ಲಿ ನಾನು ಮಾಡಿದ ಒಳ್ಳೆ ಖರ್ಚು ಅದೇ.

ದೂರು ಹೇಳಬೇಕೆಂದರೆ ಇವೆ. ನಮ್ಮ ಇನ್ವರ್ಟರಿನಲ್ಲಿ ಯುಪಿಎಸ್, ನಾರ್ಮಲ್ ಎಂದು ಎರಡು ಮೋಡು. ಯುಪಿಎಸ್ ಮೋಡಿನಲ್ಲಿ ಲೈನಿನ ವೋಲ್ಟೇಜ್ 180ಕ್ಕಿಂತ ಇಳಿದರೆ ಅದು ಸದ್ದಿಲ್ಲದೆ ಬ್ಯಾಟರಿಗೆ ಜಾರುತ್ತದೆ. ನಮ್ಮಲ್ಲಿ ಸಂಜೆ ಹೊತ್ತು 160 ಇದ್ದರೆ ಹೆಚ್ಚು. ಕರೆಂಟಿದೆ ಎಂದು ನಾವು ತಿಳಿದಿರುತ್ತೇವೆ, ಒಳಗೆ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ನಾರ್ಮಲ್ ಮೋಡಿಗೆ ಹಾಕಿದರೆ ಆ ಸೊರಗಿದ ವೋಲ್ಟೇಜೇ ಪಂಪಿಗೆ ಹೋಗಿ ಮೋಟಾರು ಬಿಸಿ. ಕೊನೆಗೆ ಪಂಪಿಗೆ ಬೇರೆ ಲೈನು ಎಳೆಸಿ, ಬಾವಿಕಟ್ಟೆಯ ಹತ್ತಿರ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆ. ಬ್ಯಾಟರಿ ಬೇಕೋ ಲೈನ್ ಕರೆಂಟ್ ಬೇಕೋ, ಕೈಯಲ್ಲೇ ನಿರ್ಧಾರ.

ಇನ್ನೊಂದು ಎಡವಟ್ಟು ನನ್ನದೇ. 2022ರಲ್ಲಿ ಒಂದು ರಾತ್ರಿ ಪಂಪು ಹಾಕಿ ಊಟಕ್ಕೆ ಕೂತೆ. ಬಾವಿಯೊಳಗೆ ಪೈಪಿನ ತುದಿಯಲ್ಲಿದ್ದು ನೀರು ಇಳಿಯದಂತೆ ತಡೆಯುವ ಫುಟ್‌ವಾಲ್ವಿನಲ್ಲಿ ಹಲಸಿನೆಲೆ ಸಿಕ್ಕಿ ಪೈಪಿನ ನೀರು ಇಳಿದುಹೋಗಿತ್ತು. ಪಂಪು ನಲವತ್ತು ನಿಮಿಷ ಒಣಗಿ ಓಡಿ, ಸೀಲ್ ಸುಟ್ಟು, ಬ್ಯಾಟರಿಯನ್ನೂ ತಿಂದಿತು. ಈಗ ಟ್ಯಾಂಕಿಗೆ ನೀರು ಬಿದ್ದ ಸದ್ದು ಕೇಳದೆ ಜಾಗ ಬಿಟ್ಟು ಕದಲುವುದಿಲ್ಲ.

ಬ್ಯಾಟರಿಯ ಮಾತು. ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್ ಮೇಲೆ ಕೂರುವ ಬಿಳಿ-ಹಸಿರು ಬೂಷ್ಟು ಬಿಸಿನೀರಲ್ಲಿ ತೊಳೆದು ವ್ಯಾಸಲೀನ್. ಇಷ್ಟೇ ಆರೈಕೆ. ಇನ್ವರ್ಟರ್ ಮೇಲೆ 650 ವ್ಯಾಟ್ ಓಡುವಾಗ 24 ವೋಲ್ಟಿನ ಬದಿಯಲ್ಲಿ 30 ಆಂಪಿಯರಿಗೂ ಮೀರಿ ಹರಿಯುತ್ತದೆ, ನಟ್ಟು ಸ್ವಲ್ಪ ಸಡಿಲವಿದ್ದರೂ ಅಲ್ಲಿ ಕಾಯುತ್ತದೆ. ಮೂರನೇ ಮಳೆಗಾಲದ ನಂತರ ಒಂದು ಬ್ಯಾಟರಿ ಕುಂಟತೊಡಗಿತು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಉಳಿದ ಸೆಲ್ಲುಗಳಲ್ಲಿ 1.240, ಒಂದರಲ್ಲಿ ಮಾತ್ರ 1.180 (ಕಮ್ಮಿಯಿದ್ದಷ್ಟೂ ಚಾರ್ಜ್ ಕಮ್ಮಿ). ಮಳೆಗಾಲದಲ್ಲಿ ದಿನಕ್ಕೆ ಎರಡೇ ತಾಸು ಕರೆಂಟ್ ಬಂದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗದೆ ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಬಿದ್ದಿರುತ್ತದೆ, ಲೆಡ್ ಆಸಿಡ್ ಬ್ಯಾಟರಿಗೆ ಅದು ಆಗುವುದಿಲ್ಲ. ವಾರಂಟಿಯಲ್ಲಿ ಬದಲಿಸಿಕೊಡಲು ಡೀಲರು ಒಂದೂವರೆ ತಿಂಗಳು ಓಡಾಡಿಸಿದರು. ಒಂದು ಹೊಸದು, ಒಂದು ಹಳೆಯದು ಜೋಡಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಜೋಡಿಸಿದ್ದೇನೆ. ಹೊಸದೂ ಹಳೆಯದರ ದಾರಿ ಹಿಡಿಯುತ್ತಿದೆ.

ತೋಟದ 3 ಎಚ್‌ಪಿ ಪಂಪನ್ನು ಇದರಲ್ಲಿ ಓಡಿಸಬಹುದಾ ಎಂದು ನೆಂಟರೊಬ್ಬರು ಕೇಳಿದರು. ಆಗುವುದಿಲ್ಲ, ಅದು ತ್ರೀ ಫೇಸ್, ನನ್ನ ಇನ್ವರ್ಟರ್ ಕೊಡುವುದು ಸಿಂಗಲ್ ಫೇಸ್. ಅದಕ್ಕೆ ಜನರೇಟರ್ರೇ ಸರಿ.

ಈ ಜೋಡಿ ಸೋತ ಮೇಲೆ ಲಿಥಿಯಂ ಹಾಕಬೇಕೆಂದಿದೆ. ಅರೆಹೊಟ್ಟೆಯನ್ನು ಅದು ತಡೆಯುತ್ತದೆ, ಮುಕ್ಕಾಲಿಗಿಂತ ಹೆಚ್ಚು ಬಳಸಿದರೂ ಪರವಾಗಿಲ್ಲ. ಆದರೆ ನನ್ನ ಇನ್ವರ್ಟರಿನ ಚಾರ್ಜರ್ ಲೆಡ್ ಆಸಿಡ್‌ಗೆ ಮಾಡಿದ್ದು, ಅದನ್ನೂ ಬದಲಿಸಬೇಕಾಗುತ್ತದೆ. ಅಡಿಕೆ ರೇಟು ನೋಡಿ ಹೇಳುತ್ತೇನೆ. ಬಾವಿಯ ಹಗ್ಗ, ರಾಟೆ ತೆಗೆಯಲು ಹೋದಾಗ ಅಮ್ಮ ಬಿಡಲಿಲ್ಲ. 'ಇರಲಿ ಮಾರಾಯ, ಅದಕ್ಕೇನು ಡಿಸ್ಟಿಲ್ಡ್ ವಾಟರ್ ಹಾಕಬೇಕಾ?'